ಹತ್ತು ನಿಮಿಷದ ಕೆಲಸ

ಮಾರ್ಚ್ ೩, ಸೋಮವಾರ

ಹತ್ತು ನಿಮಿಷದ ಕೆಲಸ ಅಂದಿದ್ದ ನನ್ನ ತಮ್ಮ. ಬೆಳಿಗ್ಗೆ ಒಂಬತ್ತಕ್ಕೆ ಅವನ ಶೆಡ್ಡಿಗೆ ಕಾಲಿಟ್ಟವಳು ಹೊರಗೆ ಬಂದಾಗ ಹನ್ನೆರಡೂವರೆ. ಕೈಯೆಲ್ಲ ಹಸಿರು, ಅಂಗಿಯ ತೋಳೆಲ್ಲ ಹಸಿರು. ಮೂರು ಸಲ ಸೋಪು ಹಾಕಿ ತೊಳೆದು ಹೊಲಿಗೆ ಯಂತ್ರದ ಮುಂದೆ ಕೂತರೆ ಉಗುರಿನ ಸಂದಿಯಿಂದ ಇನ್ನೂ ಒಂದು ಹನಿ ಇಳಿದು ಲಾಡ್ಜಿನವರ ಕೆನೆಬಣ್ಣದ ಪರದೆಯ ಮೇಲೆ ಬೊಟ್ಟು ಇಟ್ಟಿತು. ಇಪ್ಪತ್ತೆರಡು ಪರದೆ ಹೊಲಿದು ಕೊಡಬೇಕು. ಮೊದಲನೆಯದೇ ಹಾಳು.

ಯಾರ ಹತ್ತಿರ ಹೇಳಿಕೊಳ್ಳಲಿ? ಈ ಮನೆಯಲ್ಲಿ ಇರುವುದು ನಾನು ಮತ್ತು ನನ್ನ ತಮ್ಮ. ಮದುವೆಯ ಯೋಗ ನಮ್ಮಿಬ್ಬರನ್ನೂ ನೋಡಿ ಬೀದಿಯ ಆಚೆ ಬದಿಯಿಂದಲೇ ಹೋಗಿಬಿಟ್ಟಿತು. ಅವನ ಹತ್ತಿರ ಹೇಳಿದರೆ ಜಗಳ, ಹೇಳದಿದ್ದರೆ ಹೊಟ್ಟೆಯುರಿ. ಅದಕ್ಕೇ ಗಿರಾಕಿಗಳ ಅಳತೆ ಬರೆದುಕೊಳ್ಳುವ ಪುಸ್ತಕದ ಹಿಂದಿನ ಪುಟಗಳಿಗೆ ಹೇಳುತ್ತಿದ್ದೇನೆ.

ಆಗಿದ್ದಿಷ್ಟು. ಬೇಕರಿಯವರ ಮಗಳು ಮಣ್ಣಿನ ಟ್ರ್ಯಾಕಿನಲ್ಲಿ ರೇಸು ಓಡಿಸುವವಳು. ಅವಳ ಬೈಕು ಎಂಜಿನ್ ಕೆಲಸಕ್ಕೆ ಬಂದಿತ್ತು. ತಮ್ಮ ಪಿಸ್ಟನ್ನು, ರಿಂಗು, ಹೆಡ್ಡಿನ ಗ್ಯಾಸ್ಕೆಟ್ಟು ಎಲ್ಲ ಹೊಸದು ಹಾಕಿ ಎಂಜಿನ್ ಮುಚ್ಚಿದ. ಮರುದಿನ ಶೆಡ್ಡಿನ ತಗಡು ಸರಿಮಾಡುತ್ತೇನೆಂದು ಏಣಿ ಹತ್ತಿ ಬಿದ್ದ. ಏಣಿ ಜಾರಿತಂತೆ. ಎಡಗಾಲಿನ ಮೂಳೆ ಮುರಿದು ತೊಡೆಯ ತನಕ ಪ್ಲಾಸ್ಟರು. ಹದಿನಾರಕ್ಕೆ ಹುಡುಗಿಯ ರೇಸು. ಉಳಿದಿರುವುದು ಒಂದೇ ಕೆಲಸ: ರೇಡಿಯೇಟರಿಗೆ ಕೂಲೆಂಟ್ ಎಂಬ ಆ ಹಸಿರು ನೀರು ತುಂಬಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಗೆ ತೆಗೆಯುವುದು. ಗಾಳಿ ಉಳಿದರೆ ಆ ಜಾಗದಲ್ಲಿ ನೀರು ಹರಿಯುವುದಿಲ್ಲ, ಎಂಜಿನ್ ಕಾದು ಹಿಡಿದುಕೊಂಡು ನಿಂತುಬಿಡುತ್ತದೆ.

ಬೇರೆ ಗ್ಯಾರೇಜಿಗೆ ಕಳಿಸೋಣ ಎಂದೆ. ಸುತರಾಂ ಒಪ್ಪಲಿಲ್ಲ. ಅವನು ಮುಚ್ಚಿದ ಎಂಜಿನ್ನಿಗೆ ಇನ್ನೊಬ್ಬ ಮೆಕ್ಯಾನಿಕ್ ಕೈ ಹಾಕುವುದೆಂದರೇನು, ಮಾನ ಹೋಗುವುದಿಲ್ಲವೇ. ಅಕ್ಕ ಹಾಕಬಹುದಂತೆ, ಅಕ್ಕನ ಕೈ ಲೆಕ್ಕಕ್ಕಿಲ್ಲ. ಶೆಡ್ಡಿನ ಕಡೆಗೆ ತೆರೆಯುವ ಕಿಟಕಿಯ ಪಕ್ಕಕ್ಕೆ ಮಂಚ ಎಳೆಸಿಕೊಂಡು ಒರಗಿದ್ದಾನೆ. ಅಲ್ಲಿಂದಲೇ ಆಳ್ವಿಕೆ.

ಮಾರ್ಚ್ ೪, ಮಂಗಳವಾರ

ಕ್ರಮ ಕೇಳಿದರೆ ಮಗು ಕೂಡ ಮಾಡಬಹುದು. ರೇಡಿಯೇಟರಿನ ಮುಚ್ಚಳ ತೆಗೆದು ಬಾಯಿಯ ತನಕ ತುಂಬಬೇಕು. ಎಂಜಿನ್ ಚಾಲೂ ಮಾಡಿ ರಬ್ಬರ್ ಪೈಪುಗಳನ್ನು ಹಿಂಡುತ್ತ ಹೋಗಬೇಕು. ಒಳಗಿನ ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ, ನೀರು ಇಳಿಯುತ್ತದೆ, ಮತ್ತೆ ತುಂಬಬೇಕು. ಗುಳ್ಳೆ ನಿಂತಾಗ ಮುಚ್ಚಳ ಹಾಕಿ ಕೈ ತೊಳೆದುಕೊಳ್ಳುವುದು.

ಕಿಕ್ಕರ್ ಹೊಡೆದೂ ಹೊಡೆದೂ ಮೊಣಕಾಲು ಸಡಿಲವಾಯಿತು. ಹಿಂಡಿದೆ, ತುಂಬಿದೆ, ಹಿಂಡಿದೆ. ಟ್ಯಾಂಕಿನ ಎಡಕ್ಕೊಂದು ಬಲಕ್ಕೊಂದು ರೇಡಿಯೇಟರು. ಬಲಗಡೆಯದು ಮುಟ್ಟಲಾಗದಷ್ಟು ಕಾದಿತು, ಎಡಗಡೆಯದು ತಣ್ಣಗೇ ಇತ್ತು. ಕಿಟಕಿಯಿಂದ ಅಪ್ಪಣೆಗಳು: ಅದಲ್ಲ, ಕೆಳಗಿನ ಪೈಪು. ಅಷ್ಟು ಮೆಲ್ಲಗಲ್ಲ. ಅಷ್ಟು ಜೋರಾಗಲ್ಲ. ಒಂದು ಗಂಟೆಯಲ್ಲಿ ನಲವತ್ತು ಸಲ ಅಕ್ಕಾ ಎಂದ. ನಲವತ್ತೊಂದನೆಯ ಸಲಕ್ಕೆ ನಾನು ನೀರು ಸುರಿಯುವ ಲಾಳಿಕೆಯನ್ನು ಗೋಡೆಗೆ ಎಸೆದು ಒಳಗೆ ಬಂದೆ.

ಸಂಜೆ ಮೈ ಒರೆಸಿದ ಮೇಲೆ ಅಂಗಿಯ ಗುಂಡಿಯನ್ನೂ ನಾನೇ ಹಾಕಬೇಕಂತೆ. ಕಾಲು ಮುರಿದರೆ ಕೈಗೇನು ದಾಡಿ ಎಂದು ಕೇಳಿದೆ. ಮಲಗಿ ಮಲಗಿ ಸೋಮಾರಿತನ ಹತ್ತಿದೆ ಎಂದು ನಕ್ಕ. ಮೂವತ್ತಾರು ವರ್ಷದ ಗಂಡಸು.

ಮಾರ್ಚ್ ೫, ಬುಧವಾರ

ಇನ್ನೂ ಗಾಳಿ ಇದೆ.

ಮಾರ್ಚ್ ೭, ಶುಕ್ರವಾರ

ಇವತ್ತು ನಾನು ಗೆದ್ದೆ. ಯಾರೂ ಚಪ್ಪಾಳೆ ತಟ್ಟಲಿಲ್ಲವಾದ್ದರಿಂದ ಇಲ್ಲಿ ಬರೆದಿಡುತ್ತೇನೆ.

ಪೈಪು ಹಿಂಡಲು ಬಗ್ಗಿದಾಗ ಜೇಬಿನಿಂದ ದಾರದ ಉಂಡೆಯೊಂದು ಬಿತ್ತು. ಬಿದ್ದದ್ದು ನಿಲ್ಲಲಿಲ್ಲ. ಬೈಕಿನ ಕೆಳಗೆ ಹಾದು, ಮುಂದಿನ ಚಕ್ರ ದಾಟಿ, ಶೆಡ್ಡಿನ ಹಿಂದಿನ ಗೋಡೆಯ ಚರಂಡಿಗೆ ಬಿತ್ತು. ಬೈದುಕೊಂಡು ಎತ್ತಲು ಹೋದವಳಿಗೆ ಆಗ ಹೊಳೆಯಿತು. ತೊಳೆದ ನೀರು ಹರಿದುಹೋಗಲೆಂದು ಅಪ್ಪ ಈ ನೆಲವನ್ನು ಚರಂಡಿಯ ಕಡೆಗೆ ಇಳಿಜಾರಾಗಿ ಹಾಕಿಸಿದ್ದರು. ಗಾಡಿಯ ಮುಖ ಚರಂಡಿಯ ಕಡೆಗೇ ಇರಬೇಕು ಎನ್ನುವುದು ಅವರ ಕಟ್ಟಪ್ಪಣೆ. ಅವರು ಹೋಗಿ ಒಂಬತ್ತು ವರ್ಷವಾದರೂ ಈ ಶೆಡ್ಡಿನಲ್ಲಿ ಎಲ್ಲ ಗಾಡಿಯೂ ಚರಂಡಿಗೆ ಮುಖ ಹಾಕಿಯೇ ನಿಲ್ಲುತ್ತದೆ. ಮುಖ ತಗ್ಗಿದರೆ ರೇಡಿಯೇಟರಿನ ಬಾಯಿಯೂ ತಗ್ಗುತ್ತದೆ. ಗಾಳಿ ಮೇಲಕ್ಕೆ ಏರುವುದು ತಾನೇ? ಅದು ಬಾಯಿಯ ಕಡೆ ಯಾಕೆ ಬರುತ್ತದೆ, ಹಿಂದೆ ಎಂಜಿನ್ನಿನ ನೆತ್ತಿಯಲ್ಲೇ ಕೂತಿರುತ್ತದೆ.

ಬೈಕನ್ನು ತಿರುಗಿಸಿ ಮುಂದಿನ ಚಕ್ರವನ್ನು ಮರದ ದಿಮ್ಮಿಯ ಮೇಲೆ ಹತ್ತಿಸಿದೆ. ಎರಡು ಸಲ ಹಿಂಡಿದ್ದೇ ತಡ, ಗುಳುಕ್ ಎಂದು ಒಂದು ದೊಡ್ಡ ಗುಳ್ಳೆ ಬಂದು ನೀರು ಒಂದು ಗೇಣು ಕೆಳಗಿಳಿಯಿತು. ಅರ್ಧ ಲೀಟರು ಹೆಚ್ಚಿಗೆ ಕುಡಿಯಿತು. ಎರಡೂ ಕಡೆಯ ರೇಡಿಯೇಟರು ಸಮನಾಗಿ ಬಿಸಿಯಾದವು. ಓಡಿಹೋಗಿ ತಮ್ಮನಿಗೆ ಹೇಳಿದರೆ, ಅದನ್ನೇ ತಾನೇ ಮೊದಲಿನಿಂದ ಹೇಳುತ್ತಿರುವುದು ಎಂದ. ಹೇಳಿಯೇ ಇರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಒಂದು ಸಲವೂ ಹೇಳಿರಲಿಲ್ಲ.

ಖುಷಿಗೆಂದು ಕೊಟ್ಟ ಕಾಫಿಯ ಲೋಟವನ್ನು ಕೆಳಗೆ ಬೀಳಿಸಿದ. ಈ ತಿಂಗಳಲ್ಲಿ ಎರಡನೆಯದು. ನೆಲ ಒರೆಸಿದ್ದು ನಾನೇ ಎಂದು ಬೇರೆ ಹೇಳಬೇಕಾಗಿಲ್ಲ.

ಮಾರ್ಚ್ ೯, ಭಾನುವಾರ

ಬೇಕರಿಯ ಹುಡುಗಿ ಬೆಳಿಗ್ಗೆ ಏಳಕ್ಕೇ ಬಂದು ಬೈಕು ಹೊರಡಿಸಿಕೊಂಡು ಇಟ್ಟಿಗೆ ಗೂಡಿನ ಆಚೆಯ ಬಯಲಿಗೆ ಹೋದಳು. ನಾನು ನೆಮ್ಮದಿಯಾಗಿ ಎರಡು ಪರದೆಯ ಅಂಚು ಮಡಿಸಿದೆ. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಗೇಟಿನ ಸದ್ದಾಯಿತು. ಬೈಕನ್ನು ತಳ್ಳಿಕೊಂಡು ಬರುತ್ತಿದ್ದಳು. ಎಂಜಿನ್ನಿನ ಮೇಲೆಲ್ಲ ಹಸಿರು ನೀರು ಕುದಿದು ಉಕ್ಕಿದ ಕಲೆ, ಅವಳ ಬೂಟಿನ ಮೇಲೂ.

ನನಗೆ ಅಳು ಬಂತು. ಮುಖ ಗಂಟು ಹಾಕಿಕೊಂಡದ್ದರಿಂದ ಯಾರಿಗೂ ಕಾಣಲಿಲ್ಲ.

ಅವಳಿಗೆ ಹತ್ತೊಂಬತ್ತು ವರ್ಷ. ರೇಗಲಿಲ್ಲ, ಅದೇ ಕಷ್ಟ. ಹೆಲ್ಮೆಟ್ಟು ಕೆಳಗಿಟ್ಟು ದಿಮ್ಮಿಯ ಮೇಲೆ ಕೂತು ನಿಧಾನವಾಗಿ ಹೇಳಿದಳು:

"ಆಂಟಿ, ಆ ಟ್ರ್ಯಾಕಲ್ಲಿ ನಾನು ಎರಡಾಳೆತ್ತರ ಹಾರ್ಬೇಕು. ಹಾರೋ ಹೊತ್ತಲ್ಲಿ ಎಂಜಿನ್ ಹಿಡ್ಕೊಂಡ್ರೆ ನಾನು ಮುಂದೆ ಬೀಳ್ತೀನಿ, ಬೈಕ್ ನನ್ನ ಮೇಲೆ ಬೀಳುತ್ತೆ. ಹಾಗಾಗಲ್ಲ ಅಂತ ನೀವು ಹೇಳಿದ್ರೆ ಓಡಿಸ್ತೀನಿ. ಇಲ್ಲಾಂದ್ರೆ ಈಗ್ಲೇ ಹೇಳ್ಬಿಡಿ, ಹೆಸರು ವಾಪಸ್ ತಗೋತೀನಿ."

ನೀವು ಎಂದದ್ದು ನನಗೆ. ಕಿಟಕಿಯ ಕಡೆ ನೋಡಲೇ ಇಲ್ಲ. ಆಂಟಿ ಎಂದದ್ದಕ್ಕೆ ಸಿಟ್ಟು ಮಾಡಿಕೊಳ್ಳುವುದನ್ನೂ ಮರೆತು, ಶುಕ್ರವಾರ ಹೇಳುತ್ತೇನೆ ಎಂದೆ. ಹಾಗೆ ಮಾತು ಕೊಡಲು ನಾನು ಯಾರು? ಪ್ಯಾಂಟಿನ ಉದ್ದ ಕತ್ತರಿಸುವವಳು.

ಅವಳು ಹೋದ ಮೇಲೆ ಕಿಟಕಿಯಿಂದ ತೀರ್ಪು ಬಂತು. ಇನ್ನೂ ಗಾಳಿ ಇದೆಯಂತೆ.

ಮಾರ್ಚ್ ೧೧, ಮಂಗಳವಾರ

ತಲೆ ಮೊಸರುಗಡಿಗೆಯಾಗಿದೆ. ನಿನ್ನೆ ಇಡೀ ದಿನ, ಇವತ್ತು ಮಧ್ಯಾಹ್ನದ ತನಕ, ಗುಳ್ಳೆ ಎಣಿಸಿದ್ದೇ ಎಣಿಸಿದ್ದು. ಮುಂದಿನ ಚಕ್ರ ದಿಮ್ಮಿಯ ಮೇಲಿದೆ, ಪೈಪು ಹಿಂಡಿ ಹಿಂಡಿ ಅಂಗೈ ಕೆಂಪಾಗಿದೆ, ಗುಳ್ಳೆ ಮಾತ್ರ ಜಪ್ಪಯ್ಯ ಅಂದರೂ ನಿಲ್ಲುವುದಿಲ್ಲ. ನಿಮಿಷಕ್ಕೆ ಮೂವತ್ತು. ಆಕ್ಸಿಲರೇಟರ್ ತಿರುವಿದರೆ ಅರವತ್ತು.

ಒಂದು ಎಂಜಿನ್ನಿನೊಳಗೆ ಎಷ್ಟು ಗಾಳಿ ಹಿಡಿಯುತ್ತದೆ? ದೊಡ್ಡ ಪಾತ್ರೆಯಷ್ಟೂ ಜಾಗ ಇಲ್ಲ. ಎರಡು ದಿನದಿಂದ ಬಂದ ಗಾಳಿಯಲ್ಲಿ ಲಾರಿಯ ಟ್ಯೂಬು ತುಂಬಬಹುದಿತ್ತು. ಇಷ್ಟೊತ್ತಿಗೆ ನನ್ನ ತಮ್ಮನ ಮೇಲಿದ್ದ ಸಿಟ್ಟು ಕೂಡ ಖಾಲಿಯಾಗಬೇಕಿತ್ತು.

ಮಧ್ಯಾಹ್ನ ಎಂಜಿನ್ ಪೂರ್ತಿ ಆರಲು ಬಿಟ್ಟೆ. ಆಮೇಲೆ ಮುಚ್ಚಳ ಬಿಗಿದು ಚಾಲೂ ಮಾಡಿ ಪೈಪು ಹಿಡಿದುಕೊಂಡು ನಿಂತೆ. ಒಂದು ನಿಮಿಷವೂ ಆಗಿರಲಿಲ್ಲ, ಪೈಪು ಕಲ್ಲಿನಷ್ಟು ಗಟ್ಟಿಯಾಯಿತು. ಎಂಜಿನ್ ಮುಟ್ಟಿದರೆ ಇನ್ನೂ ತಣ್ಣಗಿತ್ತು. ನೀರು ಕಾದು ಉಬ್ಬಿದರೆ ಪೈಪು ಗಟ್ಟಿಯಾಗುತ್ತದೆ, ಸರಿ. ಕಾಯುವುದಕ್ಕೆ ಮೊದಲೇ ಯಾಕಾಯಿತು? ಒಳಗೆ ಉಳಿದ ಗಾಳಿ ಇದಲ್ಲ. ಎಂಜಿನ್ನೇ ಹೊಸದಾಗಿ ನೀರಿನೊಳಕ್ಕೆ ಊದುತ್ತಿದೆ. ಮುಚ್ಚಳ ತೆಗೆದು ಮೂಸಿದೆ. ಹೊಗೆಯ ವಾಸನೆ.

ಸ್ಪೇರ್ಸ್ ಅಂಗಡಿಯವರಿಗೆ ಫೋನು ಮಾಡಿ, ಯಾರ ಬೈಕು ಎಂದು ಹೇಳದೆ ಕೇಳಿದೆ. ಎಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ಡು ಸರಿಯಾಗಿ ಕೂತಿಲ್ಲ, ಅದರಡಿಯ ಗ್ಯಾಸ್ಕೆಟ್ಟಿನ ಸಂದಿಯಿಂದ ಉರಿದ ಹೊಗೆ ನೀರಿಗೆ ನುಗ್ಗುತ್ತಿದೆ ಎಂದರು. ಓಡಿಸಲೇಬಾರದಂತೆ. ಆಮೇಲೆ ಯಾರು ಮಾಡಿದ ಕೆಲಸ ಎಂದು ಕೇಳಿದರು. ನಿಮ್ಮ ತಮ್ಮನದ್ದಂತೂ ಆಗಿರಲಿಕ್ಕಿಲ್ಲ ಬಿಡಿ, ಅವನ ಕೈ ತಪ್ಪುವುದಿಲ್ಲ ಎಂದು ಅವರೇ ಹೇಳಿ ಫೋನು ಇಟ್ಟರು.

ಮಾರ್ಚ್ ೧೨, ಬುಧವಾರ

ಹೇಳಿದೆ. ಆಗಬಾರದ್ದೆಲ್ಲ ಆಯಿತು.

ಮೊದಲು ನಕ್ಕ. ಆಮೇಲೆ ಪೈಪು ಹಿಂಡುವುದು ನನಗೆ ಇನ್ನೂ ಬಂದಿಲ್ಲ ಎಂದ. ಹೊಗೆಯ ವಾಸನೆಯ ವಿಷಯ ಹೇಳಿದಾಗ ಮುಖ ಕಪ್ಪಾಯಿತು. ಹದಿನೆಂಟು ವರ್ಷದಲ್ಲಿ ಅವನು ಮುಚ್ಚಿದ ಹೆಡ್ಡು ಒಂದೂ ಸೋರಿಲ್ಲವಂತೆ. ಬಿಗಿ ಎಷ್ಟು ಅನ್ನುವುದನ್ನು ಅವನ ಕೈಗೆ ಯಾರೂ ಹೇಳಿಕೊಡಬೇಕಾಗಿಲ್ಲವಂತೆ. ಅದು ನಿಜ, ನನಗೂ ಗೊತ್ತು. ಅಪ್ಪನೂ ಹಾಗೇ. ಅಂಗಡಿಯವರು ಎಂದೋ ಕೊಟ್ಟ ಟಾರ್ಕ್ ರೆಂಚು, ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಕಟ್ ಎಂದು ಸದ್ದು ಮಾಡುವ ಪಾನಾ, ಪೆಟ್ಟಿಗೆಯಿಂದ ಹೊರಗೇ ಬಂದಿಲ್ಲ. ಕೈ ಕಳೆದುಕೊಂಡವರಿಗೆ ಅದು ಎಂದು ಅಪ್ಪ ಮಗ ಇಬ್ಬರೂ ಸೇರಿ ನಗುತ್ತಿದ್ದರು.

"ಬಟ್ಟೆ ಹೊಲ್ಕೊಂಡು ಇದ್ದೋಳು ನೀನು. ಎಂಟು ದಿನ ಪೈಪ್ ಹಿಂಡಿದ್ದಕ್ಕೆ ನನ್ನ ಕೆಲಸ ನೋಡೋಕೆ ಬಂದ್ಯಾ? ಗಾಳಿ ತೆಗಿ ಅಂದ್ರೆ ಗಾಳಿ ತೆಗಿ."

ಇಷ್ಟು ದಿನ ಇವನ ಗುಂಡಿ ಹಾಕಿ, ಹಣ್ಣಿನ ಸಿಪ್ಪೆ ಸುಲಿದು, ಬೇಕಾದ ಸಾಮಾನಿನ ಚೀಟಿಯನ್ನೂ ಇವನು ಹೇಳಿದ ಹಾಗೆ ಬರೆದು ಕೊಟ್ಟವಳು ನಾನು. ಪಿತ್ತ ನೆತ್ತಿಗೇರಿತು. ಊಟದ ತಟ್ಟೆಯನ್ನು ಮಂಚದ ಮೇಲೆ ಕುಕ್ಕಿ ಬಂದೆ. ಅರ್ಧ ಗಂಟೆ ಬಿಟ್ಟು ಇಣುಕಿದರೆ ಎಡಗೈಯಲ್ಲಿ ತಿನ್ನುತ್ತಿದ್ದ. ನನ್ನನ್ನು ಉರಿಸುವುದಕ್ಕೆಂದೇ ಹಾಗೆ ಮಾಡುತ್ತಾನೆ.

ಮಾರ್ಚ್ ೧೩, ಗುರುವಾರ

ಬೆಳಿಗ್ಗೆ ಶೆಡ್ಡಿನ ಕಡೆಯ ಕಿಟಕಿಗೆ ಹೊರಗಿನಿಂದ ಲಾಡ್ಜಿನವರ ಪರದೆಯೊಂದನ್ನು, ಹಸಿರು ಬೊಟ್ಟಿನದನ್ನೇ, ಮೊಳೆ ಹೊಡೆದು ಕಟ್ಟಿದೆ. ಒಳಗಿನಿಂದ ಇದೇನು ಎಂದು ಕೂಗಿದ. ಬಿಸಿಲು ಎಂದೆ. ಪಶ್ಚಿಮದ ಕಿಟಕಿಗೆ ಬೆಳಿಗ್ಗೆ ಎಂಟು ಗಂಟೆಗೆ.

ಕೂಲೆಂಟ್ ಇಳಿಸಿದೆ. ಟ್ಯಾಂಕು ಬಿಚ್ಚಿದೆ. ಹೆಡ್ಡಿನ ಮೇಲೆ ಆರು ನಟ್ಟುಗಳು. ಟಾರ್ಕ್ ರೆಂಚು ಹೊರತೆಗೆದು ಬೈಕಿನ ಪುಸ್ತಿಕೆಯಲ್ಲಿದ್ದ ಅಂಕೆಗೆ ಸರಿಯಾಗಿ ಇಟ್ಟೆ. ಬಿಚ್ಚುವ ಮೊದಲು ಒಂದೊಂದನ್ನೂ ಬಿಗಿಸಿ ನೋಡಬೇಕು ಎಂದು ನಾನೇ ಯೋಚಿಸಿದ್ದು. ಸರಿಯಾಗಿ ಬಿಗಿದಿದ್ದರೆ ನಟ್ಟು ಅಲ್ಲಾಡುವ ಮೊದಲೇ ಕಟ್ ಎನ್ನಬೇಕು.

ಮೊದಲನೆಯದು ಕಾಲು ಸುತ್ತು ತಿರುಗಿದ ಮೇಲೆ ಕಟ್ ಎಂದಿತು. ಎರಡನೆಯದೂ ಹಾಗೇ. ಮೂರನೆಯದು ಅರ್ಧ ಸುತ್ತು. ನಾಲ್ಕನೆಯದು ಮಾತ್ರ ವಿಪರೀತ ಬಿಗಿ, ಕೊನೆಯ ಎರಡು ಮತ್ತೆ ಸಡಿಲ.

ಸಿಕ್ಕಿಬಿದ್ದ ಎಂದು ಕುಣಿಯುತ್ತೇನೆ ಅಂದುಕೊಂಡಿದ್ದೆ. ಕುಣಿಯಲಿಲ್ಲ. ಇದು ಅವಸರದ ಕೆಲಸವಾಗಿರಲಿಲ್ಲ. ಅವಸರದಲ್ಲಾದರೆ ಆರೂ ಒಂದೇ ರೀತಿ ಸಡಿಲ ಇರುತ್ತಿದ್ದವು. ಇದು ಒಂದಕ್ಕೊಂದು ಸಂಬಂಧವಿಲ್ಲದ ಬಿಗಿ, ಕತ್ತಲಲ್ಲಿ ಹೊಲಿದ ಹೊಲಿಗೆ. ನನ್ನ ತಮ್ಮ ಕಣ್ಣು ಮುಚ್ಚಿ ಆರು ನಟ್ಟನ್ನೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಬಿಗಿಯುವವನು. ಶೆಡ್ಡಿನಲ್ಲಿ ಒಬ್ಬಳೇ ನಿಂತು ಗುಂಡಿ, ಲೋಟ, ಚೀಟಿ, ನಿನ್ನೆಯ ಎಡಗೈ ಎಲ್ಲವನ್ನೂ ಒಂದರ ಪಕ್ಕ ಒಂದು ಇಟ್ಟುಕೊಂಡೆ. ಹನ್ನೊಂದು ದಿನದಿಂದ ಈ ಪುಸ್ತಕದಲ್ಲಿ ಅದನ್ನೇ ಬರೆಯುತ್ತಿದ್ದೇನೆ, ದೂರು ಅಂದುಕೊಂಡು.

ನಟ್ಟುಗಳನ್ನು ಬಿಚ್ಚಿ ಒಳಗೆ ತೆಗೆದುಕೊಂಡು ಹೋದೆ. ಅವನ ಹೊದಿಕೆಯ ಮೇಲೆ ಸಾಲಾಗಿ ಇಟ್ಟು, ಒಂದನ್ನು ಎತ್ತು ನೋಡೋಣ ಎಂದೆ. ನಟ್ಟುಗಳನ್ನು ನೋಡಿದ. ನನ್ನನ್ನು ನೋಡಲಿಲ್ಲ. ಬಲಗೈಯನ್ನು ಹೊದಿಕೆಯ ಒಳಗೆ ಎಳೆದುಕೊಂಡ.

ಎಷ್ಟು ದಿನದಿಂದ ಎಂದು ಕೇಳಿದೆ.

"ಹೋದ ಮಳೆಗಾಲದಿಂದ. ಹೆಬ್ಬೆರಳು, ಪಕ್ಕದ ಎರಡು. ಮೊದಲು ಜುಮ್ಮುಜುಮ್ಮು ಅನ್ನೋದು. ಈಗ ಅದೂ ಇಲ್ಲ."

ಡಾಕ್ಟರಿಗೆ ತೋರಿಸಲಿಲ್ಲ, ಯಾರಿಗೂ ಹೇಳಲಿಲ್ಲ. ಈ ಕೈ ಇಲ್ಲದಿದ್ದರೆ ಅವನು ಯಾರು ಎಂದು ಕೇಳಿದ. ಕಾಲಿಗೆ ಪ್ಲಾಸ್ಟರು ಹಾಕುವಾಗಲಾದರೂ ಹೇಳಬಾರದಿತ್ತೇ ಎಂದು ರೇಗಿದೆ.

"ಏಣಿ ಜಾರ್ಲಿಲ್ಲ ಅಕ್ಕ. ನಾನು ಹಿಡ್ಕೊಂಡಿದ್ದೀನಿ ಅಂದ್ಕೊಂಡಿದ್ದೆ."

ಅಡುಗೆಮನೆಗೆ ಬಂದು ನಲ್ಲಿ ಬಿಟ್ಟುಕೊಂಡು ಅತ್ತೆ. ಅವನ ಮೇಲೆ ಸಿಟ್ಟು, ನನ್ನ ಮೇಲೆ ಅದಕ್ಕಿಂತ ಸಿಟ್ಟು. ಹನ್ನೊಂದು ದಿನ ಗುಳ್ಳೆ ಎಣಿಸಿದೆ.

ಮಾರ್ಚ್ ೧೪, ಶುಕ್ರವಾರ

ಗ್ಯಾಸ್ಕೆಟ್ಟಿನ ಕಿಟ್‌ನಲ್ಲಿ ಇನ್ನೊಂದು ಇತ್ತು. ಪರದೆ ಕಿತ್ತು ಹಾಕಿ ಬೈಕನ್ನು ಕಿಟಕಿಯ ಹತ್ತಿರ ತಂದು ನಿಲ್ಲಿಸಿದೆ. ಹೆಡ್ಡು ಎತ್ತಿ ಅದರ ಮುಖವನ್ನು ಅವನು ಹೇಳಿದ ಹಾಗೆ ಒರೆಸಿದೆ, ಅವನು ತೋರಿಸಿದ ಮಗ್ಗುಲಲ್ಲೇ ಗ್ಯಾಸ್ಕೆಟ್ಟು ಕೂರಿಸಿದೆ. ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು, ಒಂದೇ ಸಲಕ್ಕಲ್ಲ, ಮೂರು ಸುತ್ತಿನಲ್ಲಿ. ಅವನು ಯಾವುದು ಎಂದು ಹೇಳಿದ, ನಾನು ಬಿಗಿದೆ. ಕಟ್ ಎಂದ ಪ್ರತಿ ಸಲ ತಲೆಯಾಡಿಸಿದ. ಒಮ್ಮೆಯೂ ಅದಲ್ಲ ಎನ್ನಲಿಲ್ಲ. ಹಾಗಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ತುಂಬಿದೆ, ಚಕ್ರ ಎತ್ತಿದೆ, ಹಿಂಡಿದೆ. ಗುಳ್ಳೆ ಬಂದವು, ಕಡಿಮೆಯಾದವು, ನಿಂತವು. ಗಡಿಯಾರ ನೋಡಿದೆ, ಹನ್ನೊಂದು ನಿಮಿಷ. ಆಮೇಲೆ ಇಪ್ಪತ್ತು ನಿಮಿಷ ಓಡಿಸಿ ಆರಿಸಿ ಮತ್ತೆ ಓಡಿಸಿದೆ. ಎಂಜಿನ್ ಕಾದಂತೆ ಪೈಪು ನಿಧಾನವಾಗಿ ಗಟ್ಟಿಯಾಯಿತು, ಕಾಯುವ ಮೊದಲಲ್ಲ.

ಹುಡುಗಿ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ತಮ್ಮ ಕಿಟಕಿಯಿಂದ ಕರೆದ. ಹೆಡ್ಡು ಸಡಿಲ ಬಿಟ್ಟದ್ದು ತಾನೇ, ತನ್ನ ಬಲಗೈಗೆ ಸ್ಪರ್ಶ ಇಲ್ಲ, ಈಗ ಅಕ್ಕ ಅಳತೆ ಹಿಡಿದು ಬಿಗಿದಿದ್ದಾಳೆ ಎಂದ. ಅಷ್ಟನ್ನು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂದು ಹುಡುಗಿಗೆ ತಿಳಿಯದಿರಲಿ. ಅವಳು ನನ್ನ ಕಡೆ ತಿರುಗಿದಳು. ಓಡಿಸು ಎಂದೆ.

ನಮ್ಮ ಶೆಡ್ಡಿನ ಇಳಿಜಾರಿನ ಮೇಲೆ ಒಂದು ಸಮತಟ್ಟು ಪಟ್ಟಿ ಹಾಕಿಸಬೇಕು. ಗಾರೆಯವರಿಗೆ ಹೇಳಿಬಂದೆ.

ಮಾರ್ಚ್ ೧೬, ಭಾನುವಾರ

ಏಳನೆಯವಳಾಗಿ ಬಂದಳಂತೆ. ಸಾಯಂಕಾಲ ಬೈಕಿನ ಸಮೇತ ಬಂದು, ಮೈಯೆಲ್ಲ ಮಣ್ಣು, ಎಂಜಿನ್ ಒಂದು ಹನಿಯೂ ಉಗುಳಲಿಲ್ಲ ಎಂದು ತೋರಿಸಿದಳು. ರೇಡಿಯೇಟರಿನ ಜಾಲರಿಯ ಕೆಸರು ತೆಗೆಯದೆ ಓಡಿಸಿದ್ದಕ್ಕೆ ನಾನು ಬೈದೆ. ಬೆಳಿಗ್ಗೆಯಿಂದ ಅನ್ನ ಸೇರಿರಲಿಲ್ಲ, ಆಮೇಲೆ ಎರಡು ತಟ್ಟೆ ಊಟ ಮಾಡಿದೆ.

ಮಾರ್ಚ್ ೧೯, ಬುಧವಾರ

ಆಸ್ಪತ್ರೆಗೆ ಹೊರಡಿಸುವಷ್ಟರಲ್ಲಿ ಸಾಕುಸಾಕಾಯಿತು. ಕಾಲು ನೆಟ್ಟಗಾದ ಮೇಲೆ ಹೋಗೋಣ, ಮುಂದಿನ ವಾರ ಹೋಗೋಣ, ಇವತ್ತು ಸ್ವಲ್ಪ ಪರವಾಗಿಲ್ಲ ಅನ್ನಿಸುತ್ತಿದೆ. ಎತ್ತಿ ಆಟೋದಲ್ಲಿ ಹಾಕಿದೆ ಅಂದರೂ ತಪ್ಪಿಲ್ಲ.

ನರದ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಇವನ ಬಲಗೈಯನ್ನು ಮೇಜಿನ ಮೇಲೆ ಇಡಿಸಿ ಕಣ್ಣು ಮುಚ್ಚಲು ಹೇಳಿದರು. ಸೂಜಿಯಿಂದ ಮೆಲ್ಲಗೆ ಚುಚ್ಚುತ್ತಾರಂತೆ, ಗೊತ್ತಾದಾಗ ಹೂಂ ಅನ್ನಬೇಕಂತೆ. ಕಿರುಬೆರಳಿಗೆ ಹೂಂ ಎಂದ, ಉಂಗುರದ ಬೆರಳಿಗೆ ಹೂಂ ಎಂದ. ಆಮೇಲಿನ ಮೂರಕ್ಕೂ ಲೆಕ್ಕ ಹಾಕಿದವನ ಹಾಗೆ ಸ್ವಲ್ಪ ಸ್ವಲ್ಪ ಬಿಟ್ಟು ಹೂಂ ಎಂದ. ಆ ಮೂರಕ್ಕೆ ಡಾಕ್ಟರು ಸೂಜಿ ತಾಗಿಸಿಯೇ ಇರಲಿಲ್ಲ, ಕೈ ಕಟ್ಟಿ ಕೂತು ಅವನ ಮುಖ ನೋಡುತ್ತಿದ್ದರು.

ಬೇರೆ ದಿನವಾಗಿದ್ದರೆ ಅಲ್ಲೇ ತರಾಟೆಗೆ ತೆಗೆದುಕೊಳ್ಳುತ್ತಿದ್ದೆ. ಡಾಕ್ಟರು, ಇನ್ನೊಮ್ಮೆ ನೋಡೋಣ ಎಂದು ಹೆಬ್ಬೆರಳಿನಿಂದ ಶುರುಮಾಡಿದರು. ಈ ಸಲ ಅವನು ಹೂಂ ಅನ್ನಲಿಲ್ಲ. ತುಟಿ ಒದ್ದೆ ಮಾಡಿಕೊಂಡ. ಮುಚ್ಚಿದ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿ, ನಾನು ಎಲ್ಲಿ ಕೂತಿದ್ದೇನೆಂದು ಗೊತ್ತಿಲ್ಲದೆ ಬೇರೆ ಕಡೆಗೆ ಮುಖ ತಿರುಗಿಸಿ ಕೇಳಿದ.

"ಅಕ್ಕ, ಚುಚ್ತಿದ್ದಾರಾ?"

ಹೆಬ್ಬೆರಳಿನ ತುದಿಯಲ್ಲಿ ಸೂಜಿಯ ಗುರುತು ಕೆಂಪಗೆ ಮೂಡಿತ್ತು.

ಹೂಂ ಕಣೋ, ಚುಚ್ಚುತ್ತಿದ್ದಾರೆ ಎಂದೆ.